ಯುಎಸ್‌ಬಿ ಸಾಧನವನ್ನು ಕಂಪ್ಯೂಟರ್ ಗುರುತಿಸದಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಪೆನ್‌ಡ್ರೈವ್ ಸಿಕ್ಕಿಸಿದರೂ ಪರದೆಯ ಮೇಲೆ ಏನೂ ಬಾರದಿದ್ದಾಗ ಹೆಚ್ಚಿನವರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ: ಒಂದೋ ಪೆನ್‌ಡ್ರೈವ್ ಹಾಳಾಯಿತೆಂದು ಎಸೆಯುತ್ತಾರೆ, ಇಲ್ಲವೇ ಅಂಗಡಿಗೆ ಹೋಗಿ ವಿಂಡೋಸ್ ಹೊಸದಾಗಿ ಹಾಕಿಸಿಕೊಂಡು ಬರುತ್ತಾರೆ. ಎರಡಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಕೆಲಸ ಯಾವ ಹಂತದಲ್ಲಿ ನಿಂತಿದೆ? ಸಾಧನಕ್ಕೆ ವಿದ್ಯುತ್ತೇ ತಲುಪುತ್ತಿಲ್ಲವೇ? ತಲುಪಿದರೂ ಅದು ಕಂಪ್ಯೂಟರಿಗೆ ಉತ್ತರ ಕೊಡುತ್ತಿಲ್ಲವೇ? ಉತ್ತರ ಕೊಟ್ಟರೂ ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಇಲ್ಲವೇ? ಎಲ್ಲವೂ ಸರಿಯಿದ್ದು ಡ್ರೈವಿಗೆ ಇ, ಎಫ್ ತರಹದ ಗುರುತಿನ ಅಕ್ಷರವೊಂದೇ ಸಿಕ್ಕಿಲ್ಲವೇ? ಈ ನಾಲ್ಕರಲ್ಲಿ ಯಾವುದೆಂದು ಗೊತ್ತಾದರೆ ಮುಂದಿನ ದಾರಿ ತಾನಾಗಿ ತಿಳಿಯುತ್ತದೆ. ಉತ್ತರಗಳನ್ನು ವಿಂಡೋಸ್ 10 ಮತ್ತು 11 ಬಳಸುವವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಮ್ಯಾಕ್ ಮತ್ತು ಲಿನಕ್ಸ್ ಬಳಸುವವರಿಗೆ ಬೇರೆಯಾಗಿ ಒಂದು ಉತ್ತರವಿದೆ.

ಸಾಧನವನ್ನು ಸಿಕ್ಕಿಸಿದ ಕೂಡಲೇ ಒಳಗೆ ಏನು ನಡೆಯುತ್ತದೆ?

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಉತ್ತರಗಳೆಲ್ಲ ಇದನ್ನೇ ಆಧರಿಸಿವೆ. ಯುಎಸ್‌ಬಿ 2.0 ಕೇಬಲ್ಲಿನ ಹೊದಿಕೆ ಸುಲಿದರೆ ಒಳಗೆ ನಾಲ್ಕು ತಂತಿಗಳು ಕಾಣುತ್ತವೆ. ಸಾಮಾನ್ಯವಾಗಿ ಕೆಂಪು ತಂತಿಯಲ್ಲಿ 5 ವೋಲ್ಟ್ ವಿದ್ಯುತ್ ಹರಿಯುತ್ತದೆ, ಕಪ್ಪು ಗ್ರೌಂಡ್, ಹಸಿರು ಮತ್ತು ಬಿಳಿ ತಂತಿಗಳು ಮಾಹಿತಿ ಸಾಗಿಸುತ್ತವೆ. ಪ್ಲಗ್ಗಿನೊಳಗಿನ ಲೋಹದ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿ: ಅಂಚಿನ ಎರಡು ಪಟ್ಟಿಗಳು ನಡುವಿನ ಎರಡಕ್ಕಿಂತ ತುಸು ಮುಂದಕ್ಕೆ ಚಾಚಿರುತ್ತವೆ. ವಿದ್ಯುತ್ ಮೊದಲು ತಗಲಬೇಕು, ಮಾಹಿತಿಯ ತಂತಿಗಳು ಆಮೇಲೆ ಕೂಡಬೇಕು ಎಂದೇ ಹೀಗೆ ಮಾಡಿದ್ದಾರೆ.

ವಿದ್ಯುತ್ ಸಿಕ್ಕ ಸಾಧನವು ಮಾಹಿತಿಯ ಎರಡು ತಂತಿಗಳಲ್ಲಿ ಒಂದರ ವೋಲ್ಟೇಜನ್ನು ಸಣ್ಣ ರೋಧಕವೊಂದರ ಮೂಲಕ ಏರಿಸುತ್ತದೆ. ಯಾರೋ ಬಂದರೆಂದು ಕಂಪ್ಯೂಟರಿಗೆ ತಿಳಿಯುವುದು ಇದರಿಂದಲೇ. ಆಗ ಅದು ಸಾಧನವನ್ನು ರೀಸೆಟ್ ಮಾಡಿ ಅದರ ಡಿಸ್ಕ್ರಿಪ್ಟರ್, ಅಂದರೆ ಪರಿಚಯದ ವಿವರ, ಕೇಳುತ್ತದೆ. ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ, ಸಾಧನದ ಬಗೆ, ಬೇಕಾದ ವಿದ್ಯುತ್ತಿನ ಪ್ರಮಾಣ ಇವೆಲ್ಲ ಉತ್ತರವಾಗಿ ಬರುತ್ತವೆ. ಆ ಸಂಖ್ಯೆಗಳಿಗೆ ಹೊಂದುವ ಡ್ರೈವರನ್ನು ವಿಂಡೋಸ್ ಹುಡುಕುತ್ತದೆ. ಪೆನ್‌ಡ್ರೈವ್ ಆಗಿದ್ದರೆ ಕಡೆಯಲ್ಲಿ ಅದರ ಕಡತ ವ್ಯವಸ್ಥೆಯನ್ನು (ಕಡತಗಳನ್ನು ಜೋಡಿಸಿಟ್ಟ ಬಗೆಯನ್ನು) ಓದಿ ಒಂದು ಅಕ್ಷರ ಕೊಡುತ್ತದೆ.

ಮೊದಲು ಯಾವ ಪರೀಕ್ಷೆ ಮಾಡಬೇಕು?

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಪೋರ್ಟ್ ಬದಲಿಸಿ ನೋಡಿ, ಆಮೇಲೆ ಕೇಬಲ್ ಬದಲಿಸಿ, ಆಮೇಲೆ ಇನ್ನೊಂದು ಕಂಪ್ಯೂಟರಿಗೆ ಹಾಕಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಸಾಧನ ಕೆಲಸ ಮಾಡಿದರೂ ದೋಷ ಯಾವುದರಲ್ಲಿತ್ತು ಎಂದು ತಿಳಿಯುವುದಿಲ್ಲ, ನಾಳೆ ಅದೇ ತೊಂದರೆ ಮತ್ತೆ ಬರುತ್ತದೆ. ನಡುವೆ ಯುಎಸ್‌ಬಿ ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆ) ಇದ್ದರೆ ಅದನ್ನು ತೆಗೆದು ನೇರವಾಗಿ ಜೋಡಿಸಿ.

ಬೇರೆ ಕಂಪ್ಯೂಟರಿನಲ್ಲಿ ಸಾಧನ ಸರಿಯಾಗಿ ನಡೆದರೆ ನಿಮ್ಮ ಕಂಪ್ಯೂಟರಿನ ಪೋರ್ಟ್, ಡ್ರೈವರ್ ಅಥವಾ ಸೆಟ್ಟಿಂಗ್ ಕಡೆ ನೋಡಬೇಕು. ಎರಡು ಮೂರು ಕಂಪ್ಯೂಟರುಗಳಲ್ಲಿಯೂ ಸಾಧನ ಮಿಸುಕದಿದ್ದರೆ ನಿಮ್ಮ ವಿಂಡೋಸನ್ನು ದೂರುವುದರಲ್ಲಿ ಅರ್ಥವಿಲ್ಲ.

ಶಟ್ ಡೌನ್ ಮಾಡಿ ಮತ್ತೆ ಆನ್ ಮಾಡಿದರೂ ಸರಿಹೋಗಲಿಲ್ಲ. ಇನ್ನೇನು ಮಾಡಲಿ?

ರೀಸ್ಟಾರ್ಟ್ ಮಾಡಿ. ಎರಡೂ ಒಂದೇ ಎಂದು ತೋರಿದರೂ ವಿಂಡೋಸ್ 8ರಿಂದೀಚೆಗೆ ಒಂದೇ ಆಗಿ ಉಳಿದಿಲ್ಲ. 'ಫಾಸ್ಟ್ ಸ್ಟಾರ್ಟಪ್' ಎಂಬ ಸೌಲಭ್ಯ ಆನ್ ಆಗಿದ್ದರೆ, ಶಟ್ ಡೌನ್ ಮಾಡಿದಾಗ ವಿಂಡೋಸ್ ತನ್ನ ಕರ್ನೆಲ್ (ವಿಂಡೋಸಿನ ತಿರುಳಿನ ಭಾಗ) ಮತ್ತು ಡ್ರೈವರುಗಳ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಕೊಂಡು ಮಲಗುತ್ತದೆ. ಆನ್ ಮಾಡಿದಾಗ ಅದೇ ಸ್ಥಿತಿಯಿಂದ ಏಳುತ್ತದೆ. ಹಾಗಾಗಿ ಸಿಕ್ಕಿಹಾಕಿಕೊಂಡ ಯುಎಸ್‌ಬಿ ಡ್ರೈವರ್ ಬೆಳಿಗ್ಗೆಯೂ ಸಿಕ್ಕಿಹಾಕಿಕೊಂಡೇ ಇರಬಹುದು. ರೀಸ್ಟಾರ್ಟ್ ಮಾಡಿದಾಗ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ.

ಅದೂ ಫಲಿಸದಿದ್ದರೆ ಪೋರ್ಟುಗಳಿಗೆ ಹೋಗುವ ವಿದ್ಯುತ್ತನ್ನೇ ಪೂರ್ತಿ ತೆಗೆಯಬೇಕು. ಡೆಸ್ಕ್‌ಟಾಪ್ ಆಗಿದ್ದರೆ ಶಟ್ ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ತಂತಿ ಕಳಚಿ, ಪವರ್ ಬಟನನ್ನು 15–20 ಸೆಕೆಂಡು ಒತ್ತಿ ಹಿಡಿಯಿರಿ. ಲ್ಯಾಪ್‌ಟಾಪಿನಲ್ಲಿ ಚಾರ್ಜರ್ ತೆಗೆದು ಹೀಗೇ ಮಾಡಿ. ಪೋರ್ಟಿನಲ್ಲಿ ಶಾರ್ಟ್ ಆದಾಗ ಕಂಪ್ಯೂಟರ್ 'ಪವರ್ ಸರ್ಜ್ ಆನ್ ದಿ ಯುಎಸ್‌ಬಿ ಪೋರ್ಟ್' ಎಂದು ಎಚ್ಚರಿಸಿ ಆ ಪೋರ್ಟನ್ನು ಮುಚ್ಚಿಬಿಡುತ್ತದೆ. ಅಂಥ ಪೋರ್ಟ್ ಸಾಮಾನ್ಯವಾಗಿ ಹೀಗೆ ವಿದ್ಯುತ್ ತೆಗೆದ ಮೇಲೆಯೇ ಜೀವ ತಳೆಯುತ್ತದೆ. ಆದರೆ ಶಾರ್ಟ್ ಮಾಡಿದ ಸಾಧನವನ್ನು ಅದಕ್ಕೆ ಮತ್ತೆ ಹಾಕಬೇಡಿ.

'ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್' ಎಂದು ಬರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಕೋಡ್ 43 ಇದೆ. ಇದರ ಅರ್ಥವೇನು?

ಸ್ಟಾರ್ಟ್ ಬಟನ್ ಮೇಲೆ ಮೌಸಿನ ಬಲಗುಂಡಿ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. 'ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್' ಎಂಬಲ್ಲಿ ಹಳದಿ ತ್ರಿಕೋನದೊಂದಿಗೆ 'ಅನ್‌ನೋನ್ ಯುಎಸ್‌ಬಿ ಡಿವೈಸ್' ಕಾಣುತ್ತದೆ. ಅದರ ಪಕ್ಕದಲ್ಲಿ 'ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್' ಎಂದಿದ್ದರೆ ಮೇಲೆ ಹೇಳಿದ ಹಂತಗಳನ್ನು ನೆನಪಿಸಿಕೊಳ್ಳಿ: ವಿದ್ಯುತ್ ತಲುಪಿದೆ, ಸಾಧನ ಬಂದದ್ದು ಕಂಪ್ಯೂಟರಿಗೆ ತಿಳಿದಿದೆ, ಆದರೆ 'ನೀನು ಯಾರು' ಎಂಬ ಪ್ರಶ್ನೆಗೆ ಉತ್ತರ ಬಂದಿಲ್ಲ. ಅದೇ ಸಾಲಿನ ಪ್ರಾಪರ್ಟೀಸ್‌ನಲ್ಲಿ 'ಡೀಟೇಲ್ಸ್' ತೆರೆದು 'ಹಾರ್ಡ್‌ವೇರ್ ಐಡೀಸ್' ನೋಡಿದರೆ ತಯಾರಕರ ಸಂಖ್ಯೆ ಇರಬೇಕಾದ ಜಾಗದಲ್ಲಿ 0000 ಇರುತ್ತದೆ. ಹೆಸರೇ ಹೇಳದ ಸಾಧನಕ್ಕೆ ಡ್ರೈವರ್ ಹುಡುಕುವುದು ಸಾಧ್ಯವಿಲ್ಲ. ಹೀಗಿರುವಾಗ ಡ್ರೈವರುಗಳನ್ನು ಡೌನ್‌ಲೋಡ್ ಮಾಡುತ್ತ ದಿನ ಕಳೆಯುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ದೋಷ ಹೆಚ್ಚಾಗಿ ಕೇಬಲ್ಲಿನಲ್ಲಿ, ಸಡಿಲ ಪೋರ್ಟಿನಲ್ಲಿ, ವಿದ್ಯುತ್ ಸಾಲದಿರುವುದರಲ್ಲಿ ಅಥವಾ ಸಾಧನದೊಳಗಿನ ಚಿಪ್ಪಿನಲ್ಲಿರುತ್ತದೆ.

ಆದ್ದರಿಂದ ಮೊದಲು ಕೇಬಲ್ ಮತ್ತು ಪೋರ್ಟ್ ಬದಲಿಸಿ. ಆಮೇಲೆ ಆ ಹಳದಿ ತ್ರಿಕೋನದ ಸಾಲಿನ ಮೇಲೆ ಬಲಗುಂಡಿ ಒತ್ತಿ 'ಅನ್‌ಇನ್‌ಸ್ಟಾಲ್ ಡಿವೈಸ್' ಆರಿಸಿ, ಸಾಧನವನ್ನು ಕಳಚಿ, ರೀಸ್ಟಾರ್ಟ್ ಮಾಡಿ, ಮತ್ತೆ ಸಿಕ್ಕಿಸಿ. ಯಾವ ಸಾಧನ ಹಾಕಿದರೂ ಇದೇ ಸಂದೇಶ ಬರುತ್ತಿದ್ದರೆ ಮಾತ್ರ ಲ್ಯಾಪ್‌ಟಾಪ್ ಅಥವಾ ಮದರ್‌ಬೋರ್ಡ್ ತಯಾರಕರ ತಾಣದಿಂದ ಚಿಪ್‌ಸೆಟ್ ಡ್ರೈವರ್ ಹಾಕಿ. 'ಯುಎಸ್‌ಬಿ ರೂಟ್ ಹಬ್'ಗಳನ್ನೆಲ್ಲ ಅನ್‌ಇನ್‌ಸ್ಟಾಲ್ ಮಾಡಿ ಎಂಬ ಸಲಹೆಯನ್ನು ಹಲವು ಕಡೆ ಓದಿರುತ್ತೀರಿ. ಅದರಿಂದ ಉಪಯೋಗ ಆಗುವುದುಂಟು, ಆದರೆ ನಿಮ್ಮ ಕೀಬೋರ್ಡ್ ಮತ್ತು ಮೌಸ್ ಕೂಡ ಅದೇ ಹಬ್ಬಿನಲ್ಲಿದ್ದರೆ ಅವೂ ಅರ್ಧದಲ್ಲಿ ನಿಂತುಹೋಗುತ್ತವೆ. ಆಗ ಪವರ್ ಬಟನ್ ಒತ್ತಿಯೇ ಕಂಪ್ಯೂಟರನ್ನು ಮತ್ತೆ ಶುರು ಮಾಡಬೇಕಾಗುತ್ತದೆ. ತೆರೆದಿಟ್ಟ ಕೆಲಸವನ್ನು ಮೊದಲು ಉಳಿಸಿಕೊಳ್ಳಿ.

ಬೇರೆ ಕೋಡುಗಳು?

ಕೋಡ್ 28 ಎಂದರೆ ಡ್ರೈವರ್ ಇಲ್ಲ. ತಯಾರಕರ ತಾಣದಿಂದ ಹಾಕಿದರೆ ಸಾಕು. ಕೋಡ್ 10 ಎಂದರೆ ಡ್ರೈವರ್ ಇದ್ದರೂ ಸಾಧನ ಶುರುವಾಗುತ್ತಿಲ್ಲ. ಹಲವು ಸಲ ತಪ್ಪು ಆವೃತ್ತಿಯ ಡ್ರೈವರ್ ಇದಕ್ಕೆ ಕಾರಣ. ಕೋಡ್ 22 ಎಂದರೆ ಯಾರೋ ಅದನ್ನು ನಿಷ್ಕ್ರಿಯಗೊಳಿಸಿದ್ದಾರೆ. ಬಲಗುಂಡಿ ಒತ್ತಿ 'ಎನೇಬಲ್' ಮಾಡಿ. ಕೋಡ್ 52 ಬಂದರೆ ಡ್ರೈವರಿನ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪಿಲ್ಲ. 'ನಿಮ್ಮ ಡ್ರೈವರುಗಳನ್ನೆಲ್ಲ ಅಪ್‌ಡೇಟ್ ಮಾಡುತ್ತೇವೆ' ಎಂದು ಹಣ ಕೇಳುವ ತಂತ್ರಾಂಶಗಳ ಗೊಡವೆ ಇವುಗಳಲ್ಲಿ ಯಾವುದಕ್ಕೂ ಬೇಡ.

ಮೊಬೈಲ್ ಚಾರ್ಜ್ ಆಗುತ್ತದೆ, ಆದರೆ ಕಂಪ್ಯೂಟರಿನಲ್ಲಿ ಕಾಣಿಸುವುದಿಲ್ಲ. ಏಕೆ?

ಮೊದಲ ಅನುಮಾನ ಕೇಬಲ್ಲಿನ ಮೇಲೆ. ಬಸ್ ನಿಲ್ದಾಣದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹಲವು ಕೇಬಲ್ಲುಗಳಲ್ಲಿ ಕೆಂಪು ಮತ್ತು ಕಪ್ಪು ತಂತಿ ಮಾತ್ರ ಇರುತ್ತವೆ, ಮಾಹಿತಿಯ ತಂತಿಗಳೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಕೊಳ್ಳುವಾಗ 'ಡೇಟಾ ಕೇಬಲ್' ಬೇಕೆಂದು ಬಿಡಿಸಿ ಹೇಳಿ, ಸಾಧ್ಯವಾದರೆ ಅಲ್ಲಿಯೇ ಪರೀಕ್ಷಿಸಿ.

ಕೇಬಲ್ ಸರಿಯಿದ್ದರೆ ಫೋನಿನ ಬೀಗ ತೆಗೆದು, ಮೇಲಿನಿಂದ ಅಧಿಸೂಚನೆಯ ಪಟ್ಟಿಯನ್ನು ಕೆಳಗೆ ಎಳೆಯಿರಿ. ಆಂಡ್ರಾಯ್ಡ್ ಫೋನುಗಳು ಕಂಪ್ಯೂಟರಿಗೆ ಜೋಡಿಸಿದಾಗ ತಾವಾಗಿ 'ಚಾರ್ಜಿಂಗ್' ಸ್ಥಿತಿಯಲ್ಲೇ ಇರುತ್ತವೆ. ಅದನ್ನು ಒತ್ತಿ 'ಫೈಲ್ ಟ್ರಾನ್ಸ್‌ಫರ್' ಎಂದು ಬದಲಿಸಬೇಕು. ಕದ್ದ ಫೋನನ್ನು ಕಂಪ್ಯೂಟರಿಗೆ ಹಾಕಿ ಫೋಟೊ ತೆಗೆದುಕೊಳ್ಳಬಾರದೆಂಬ ಒಳ್ಳೆಯ ಕಾರಣಕ್ಕೆ ಈ ಏರ್ಪಾಡು. ಐಫೋನ್ ಆದರೆ 'ಟ್ರಸ್ಟ್ ದಿಸ್ ಕಂಪ್ಯೂಟರ್' ಎಂದು ಕೇಳಿದಾಗ ಒಪ್ಪಿಗೆ ಕೊಟ್ಟು ಪಾಸ್‌ಕೋಡ್ ಒತ್ತಬೇಕು. ಮ್ಯಾಕ್ ಕಂಪ್ಯೂಟರಿಗೆ ಆಂಡ್ರಾಯ್ಡ್ ಫೋನಿನ ಕಡತಗಳನ್ನು ತಾನಾಗಿ ಓದಲು ಬರುವುದಿಲ್ಲ, ಬೇರೆ ತಂತ್ರಾಂಶ ಹಾಕಿಕೊಳ್ಳಬೇಕು.

ಪೋರ್ಟೆಬಲ್ ಹಾರ್ಡ್ ಡಿಸ್ಕ್ 'ಟಿಕ್ ಟಿಕ್' ಎನ್ನುತ್ತದೆ, ಆದರೆ ಕಾಣಿಸುವುದಿಲ್ಲ.

ಕೂಡಲೇ ಕಳಚಿ. ಈ ಸದ್ದಿಗೆ ಎರಡು ಕಾರಣಗಳಿರಬಹುದು. ಮೊದಲನೆಯದು ವಿದ್ಯುತ್ ಸಾಲದಿರುವುದು. ಯುಎಸ್‌ಬಿ 2.0 ಪೋರ್ಟ್ 500 ಮಿಲಿ ಆಂಪಿಯರ್, 3.0 ಪೋರ್ಟ್ 900 ಮಿಲಿ ಆಂಪಿಯರ್ ಕೊಡುವಂತೆ ನಿಯಮವಿದೆ. ತಿರುಗುವ ಹಾರ್ಡ್ ಡಿಸ್ಕಿಗೆ ತಿರುಗಲು ಆರಂಭಿಸುವ ಗಳಿಗೆಯಲ್ಲಿ ಹೆಚ್ಚು ವಿದ್ಯುತ್ ಬೇಕು. ಅದು ಸಿಗದಿದ್ದರೆ ತಟ್ಟೆ ವೇಗ ಹಿಡಿಯಲಾರದೆ ನಿಲ್ಲುತ್ತದೆ, ಮತ್ತೆ ಪ್ರಯತ್ನಿಸುತ್ತದೆ, ಮತ್ತೆ ನಿಲ್ಲುತ್ತದೆ. ಉದ್ದ ಕೇಬಲ್, ಹಳೆಯ ಹಬ್, ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್ ಇವೆಲ್ಲ ಈ ಕೊರತೆಯನ್ನು ಹೆಚ್ಚಿಸುತ್ತವೆ. ಡಿಸ್ಕಿನೊಂದಿಗೆ ಬಂದ ಗಿಡ್ಡ ಕೇಬಲ್ಲಿನಿಂದಲೇ ಹಿಂಬದಿಯ ಪೋರ್ಟಿಗೆ ಹಾಕಿ ನೋಡಿ, ಅಥವಾ ಪ್ರತ್ಯೇಕ ಅಡಾಪ್ಟರ್ ಇರುವ ಹಬ್ ಬಳಸಿ.

ಎರಡನೆಯದು, ಡಿಸ್ಕಿನ ಓದುವ ಹೆಡ್ ಹಾಳಾಗಿರುವುದು. ಒಳ್ಳೆಯ ಕೇಬಲ್, ಒಳ್ಳೆಯ ಪೋರ್ಟ್ ಕೊಟ್ಟ ಮೇಲೂ ಸದ್ದು ನಿಲ್ಲದಿದ್ದರೆ ಇದೇ ಎಂದು ತಿಳಿಯಬೇಕು. ಅದರಲ್ಲಿ ಬೇಕಾದ ಮಾಹಿತಿ ಇದ್ದರೆ ಇನ್ನೊಂದು ಸಲವೂ ಆನ್ ಮಾಡಬೇಡಿ. ಪ್ರತಿ ಪ್ರಯತ್ನದಲ್ಲೂ ಹೆಡ್ ತಟ್ಟೆಯನ್ನು ಗೀರುವ ಅಪಾಯವಿದೆ. ಗೀರಿದ ಜಾಗದ ಮಾಹಿತಿ ಯಾರ ಕೈಗೂ ಮರಳಿ ಬರುವುದಿಲ್ಲ.

'ಟುಂಯ್' ಸದ್ದು ಬರುತ್ತದೆ, ಆದರೆ 'ದಿಸ್ ಪಿಸಿ'ಯಲ್ಲಿ ಡ್ರೈವ್ ಇಲ್ಲ.

ಸದ್ದು ಬಂದಿತೆಂದರೆ ಸಾಧನ ಉತ್ತರ ಕೊಟ್ಟಿದೆ ಎಂದರ್ಥ. ಸ್ಟಾರ್ಟ್ ಬಟನಿನ ಬಲಗುಂಡಿ ಪಟ್ಟಿಯಿಂದ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. ಪೆನ್‌ಡ್ರೈವ್ ಅಲ್ಲಿ ಕಂಡು ಅಕ್ಷರ ಮಾತ್ರ ಇಲ್ಲದಿದ್ದರೆ, ಅದರ ಮೇಲೆ ಬಲಗುಂಡಿ ಒತ್ತಿ 'ಚೇಂಜ್ ಡ್ರೈವ್ ಲೆಟರ್ ಆ್ಯಂಡ್ ಪಾತ್ಸ್' ಮೂಲಕ ಒಂದು ಅಕ್ಷರ ಕೊಡಿ. ಕಚೇರಿಗಳಲ್ಲಿ ಹಂಚಿಕೆಯ ಫೋಲ್ಡರಿಗೆ ಇ ಅಥವಾ ಎಫ್ ಅಕ್ಷರ ಕೊಟ್ಟಿದ್ದರೆ ಪೆನ್‌ಡ್ರೈವಿಗೆ ಅಕ್ಷರ ತಪ್ಪಿಹೋಗುವುದುಂಟು. ಇಂಗ್ಲಿಷ್ ವರ್ಣಮಾಲೆಯ ಕೊನೆಯ ಕಡೆಯ ಅಕ್ಷರಗಳಲ್ಲಿ ಒಂದನ್ನು, ಆರ್ ಅಥವಾ ಟಿ ತರಹದ್ದನ್ನು, ಕೊಟ್ಟರೆ ತೊಡಕಿಲ್ಲ.

ಅಲ್ಲಿ 'ನೋ ಮೀಡಿಯಾ' ಎಂದಿದ್ದರೆ ವಿಷಯ ಬೇರೆ. ಪೆನ್‌ಡ್ರೈವಿನ ನಿಯಂತ್ರಕ ಚಿಪ್ ಬದುಕಿದೆ, ಆದರೆ ಅದಕ್ಕೆ ತನ್ನ ಮೆಮೊರಿ ಚಿಪ್ ಸಿಗುತ್ತಿಲ್ಲ. ಇದಕ್ಕೆ ಫಾರ್ಮ್ಯಾಟ್ ಮದ್ದಲ್ಲ. ಕಾರ್ಡ್ ರೀಡರ್ ಆಗಿದ್ದರೆ ಮಾತ್ರ ಕಾರ್ಡ್ ಸರಿಯಾಗಿ ಕೂತಿಲ್ಲದಿರಬಹುದು. ಹಳೆಯ ಡಿಸ್ಕ್ ಹಾಕಿದಾಗ 'ಇನಿಷಿಯಲೈಸ್ ಡಿಸ್ಕ್' ಎಂಬ ಪೆಟ್ಟಿಗೆ ಬಂದರೆ ಮುಚ್ಚಿಬಿಡಿ. ಅದು ಹೊಸ ಡಿಸ್ಕಿಗೆ ಮಾಡುವ ಕೆಲಸ.

'ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಎಂದು ಕೇಳುತ್ತಿದೆ. ಮಾಡಲೇ?

ಬೇಡ. 'ಕ್ಯಾನ್ಸಲ್' ಒತ್ತಿ. ಈ ಪುಟದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ವಿಂಡೋಸ್ ಹೇಳುತ್ತಿರುವುದು 'ಇದರ ಕಡತ ವ್ಯವಸ್ಥೆ ನನಗೆ ಓದಲಾಗುತ್ತಿಲ್ಲ' ಎಂದಷ್ಟೇ. ಡಿಸ್ಕ್ ಖಾಲಿಯಿದೆ ಎಂದು ಅದರ ಅರ್ಥವಲ್ಲ. ನಿಮ್ಮ ಮಗಳ ನಾಮಕರಣದ ಫೋಟೊಗಳು, ಮೂರು ವರ್ಷದ ಪಿಎಚ್‌.ಡಿ. ಬರವಣಿಗೆ, ಅಂಗಡಿಯ ಲೆಕ್ಕ ಎಲ್ಲವೂ ಇದ್ದಲ್ಲಿಯೇ ಇರಬಹುದು. ಹಾಳಾಗಿರುವುದು ಯಾವ ಕಡತ ಎಲ್ಲಿದೆಯೆಂದು ಹೇಳುವ ಪಟ್ಟಿ. ನಕಲು ಮುಗಿಯುವ ಮೊದಲೇ ಪೆನ್‌ಡ್ರೈವ್ ಎಳೆದದ್ದು, ನಡುವೆ ಕರೆಂಟ್ ಹೋದದ್ದು ಸಾಮಾನ್ಯ ಕಾರಣಗಳು. ಆ ಡಿಸ್ಕ್ ಮ್ಯಾಕ್ ಅಥವಾ ಲಿನಕ್ಸಿನಲ್ಲಿ ಫಾರ್ಮ್ಯಾಟ್ ಆಗಿದ್ದರೂ ವಿಂಡೋಸ್ ಹೀಗೇ ಕೇಳುತ್ತದೆ. ಅಂಥದ್ದನ್ನು ಅದರ ಸ್ವಂತ ಕಂಪ್ಯೂಟರಿಗೆ ಹಾಕಿದರೆ ಏನೂ ಆಗಿಲ್ಲವೆಂಬಂತೆ ತೆರೆದುಕೊಳ್ಳುತ್ತದೆ.

ಬೇರೆ ಕಂಪ್ಯೂಟರಿನಲ್ಲಿಯೂ ತೆರೆಯದಿದ್ದರೆ 'ಟೆಸ್ಟ್‌ಡಿಸ್ಕ್' ಮತ್ತು 'ಫೋಟೊರೆಕ್' ಎಂಬ ಉಚಿತ ತಂತ್ರಾಂಶಗಳಿವೆ. ಮೊದಲನೆಯದು ಕಳೆದುಹೋದ ವಿಭಾಗವನ್ನು ಹುಡುಕುತ್ತದೆ. ಎರಡನೆಯದು ಪಟ್ಟಿಯನ್ನು ನಂಬದೆ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿ ಫೋಟೊ, ವಿಡಿಯೊ, ದಾಖಲೆಗಳನ್ನು ಗುರುತು ಹಿಡಿದು ತೆಗೆಯುತ್ತದೆ. ಕಡತಗಳ ಹೆಸರು ಉಳಿಯುವುದಿಲ್ಲ, ಆದರೆ ಕಡತ ಸಿಗುತ್ತದೆ. ಸಿಕ್ಕದ್ದನ್ನು ಬೇರೆ ಡಿಸ್ಕಿಗೆ ಉಳಿಸಿ. ಹಾಳಾದ ಡಿಸ್ಕಿನ ಮೇಲೆ ಒಂದು ಅಕ್ಷರವನ್ನೂ ಬರೆಯಬೇಡಿ. 'ಚೆಕ್ ಡಿಸ್ಕ್' ಓಡಿಸುವುದಿದ್ದರೂ ಮಾಹಿತಿಯನ್ನು ಹೊರತೆಗೆದ ಮೇಲೆಯೇ ಓಡಿಸಿ, ಏಕೆಂದರೆ ಅದು ಡಿಸ್ಕನ್ನು ತಿದ್ದುತ್ತದೆ.

ಪೆನ್‌ಡ್ರೈವ್ ತೆರೆದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿವೆ.

ಇದು ವೈರಸ್. ಆ ಶಾರ್ಟ್‌ಕಟ್ಟುಗಳನ್ನು ತೆರೆಯಬೇಡಿ. ನಿಮ್ಮ ಫೋಲ್ಡರುಗಳು ಸಾಮಾನ್ಯವಾಗಿ ಅಳಿದಿರುವುದಿಲ್ಲ, ಮರೆಯಾಗಿರುತ್ತವೆ. ಮೊದಲು ವಿಂಡೋಸ್ ಡಿಫೆಂಡರಿನಿಂದ ಕಂಪ್ಯೂಟರ್ ಮತ್ತು ಪೆನ್‌ಡ್ರೈವ್ ಎರಡನ್ನೂ ಶುಚಿಗೊಳಿಸಿ. ಆಮೇಲೆ ಫೈಲ್ ಎಕ್ಸ್‌ಪ್ಲೋರರಿನಲ್ಲಿ ಮರೆಯಾದ ಕಡತಗಳನ್ನು ತೋರಿಸುವಂತೆ ಮಾಡಿ; ಫೋಲ್ಡರ್ ಆಯ್ಕೆಗಳಲ್ಲಿ ವ್ಯವಸ್ಥೆಯ ಕಡತಗಳನ್ನು ಅಡಗಿಸುವ ಗುರುತನ್ನೂ ತೆಗೆಯಿರಿ.

ಸ್ವಲ್ಪ ಹೊತ್ತು ಸರಿಯಾಗಿದ್ದು ನಡುವೆ ತಾನಾಗಿ ಕಡಿದುಹೋಗುತ್ತದೆ.

ವಿದ್ಯುತ್ ಉಳಿಸಲು ವಿಂಡೋಸ್ ಸುಮ್ಮನಿರುವ ಸಾಧನಗಳನ್ನು ಮಲಗಿಸುತ್ತದೆ. ಕೆಲವು ಸಾಧನಗಳು ಮಲಗಿದ ಮೇಲೆ ಏಳುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ 'ಯುಎಸ್‌ಬಿ ರೂಟ್ ಹಬ್' ತೆರೆದು, 'ಪವರ್ ಮ್ಯಾನೇಜ್‌ಮೆಂಟ್' ಎಂಬಲ್ಲಿ ವಿದ್ಯುತ್ ಉಳಿಸಲು ಸಾಧನವನ್ನು ಆರಿಸಲು ಅನುಮತಿ ಕೊಡುವ ಗುರುತನ್ನು ತೆಗೆಯಿರಿ. ಹಬ್‌ಗಳು ಹಲವಿದ್ದರೆ ಎಲ್ಲಕ್ಕೂ ಹೀಗೇ ಮಾಡಿ. ಪವರ್ ಆಯ್ಕೆಗಳ ಸುಧಾರಿತ ಸೆಟ್ಟಿಂಗಿನಲ್ಲಿ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಕಂಡರೆ ಅದನ್ನೂ ನಿಲ್ಲಿಸಿ.

ಕೇಬಲ್ ಅಲುಗಿದಾಗ ಮಾತ್ರ ಕಡಿದುಹೋದರೆ ಸೆಟ್ಟಿಂಗುಗಳನ್ನು ಮುಟ್ಟಬೇಡಿ. ಪೋರ್ಟೆಬಲ್ ಡಿಸ್ಕುಗಳಲ್ಲಿರುವ ಅಗಲವಾದ, ಎರಡು ಭಾಗದ ಮೈಕ್ರೊ-ಬಿ ಸಾಕೆಟ್ ಬಹಳ ಬೇಗ ಸಡಿಲವಾಗುತ್ತದೆ.

ಹಿಂದಿನ ಪೋರ್ಟಿನಲ್ಲಿ ನಡೆಯುತ್ತದೆ, ಮುಂದಿನದರಲ್ಲಿ ನಡೆಯುವುದಿಲ್ಲ.

ಹಿಂದಿನ ಪೋರ್ಟುಗಳನ್ನು ಮದರ್‌ಬೋರ್ಡಿಗೆ ನೇರವಾಗಿ ಬೆಸೆದಿರುತ್ತಾರೆ. ಮುಂದಿನವು ಕ್ಯಾಬಿನೆಟ್ಟಿನೊಳಗಿನ ತೆಳು ಕೇಬಲ್ಲಿನ ಮೂಲಕ ಬರುತ್ತವೆ. ಅದು ಸಡಿಲವಾಗಿರಬಹುದು, ಜೋಡಿಸುವವರು ಅದನ್ನು ಸಿಕ್ಕಿಸದೆಯೇ ಬಿಟ್ಟಿರಲೂಬಹುದು. ಪೋರ್ಟಿನ ಒಳಗನ್ನು ಟಾರ್ಚ್ ಬಿಟ್ಟು ನೋಡಿ. ನಡುವಿನ ಪ್ಲಾಸ್ಟಿಕ್ ನಾಲಿಗೆ ಮುರಿದು ಲೋಹದ ಪಟ್ಟಿಗಳು ಬಾಗಿದ್ದರೆ ಆ ಪೋರ್ಟಿಗೆ ಏನನ್ನೂ ಹಾಕಬೇಡಿ, ಶಾರ್ಟ್ ಆಗುತ್ತದೆ.

ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪು ಬೆರೆತ ತೇವದ ಗಾಳಿಗೆ ಪಟ್ಟಿಗಳ ಮೇಲೆ ಕಿಲುಬು ಹಿಡಿಯುತ್ತದೆ. ಕಂಪ್ಯೂಟರ್ ಆರಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ತಗುಲಿಸಿದ ಮೆತ್ತನೆ ಬ್ರಷ್ಷಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಆನ್ ಮಾಡಿ. ಸೂಜಿ, ಪಿನ್ನು ಹಾಕಿ ಕೆರೆಯಬೇಡಿ.

ಪೋರ್ಟೆಬಲ್ ಡಿಸ್ಕ್ ಹಾಕಿದ ಕೂಡಲೇ ವೈರ್‌ಲೆಸ್ ಮೌಸ್ ತಡವರಿಸುತ್ತದೆ.

ಇದು ನಿಮ್ಮ ಭ್ರಮೆಯಲ್ಲ. ಯುಎಸ್‌ಬಿ 3.0 ಮಾಹಿತಿ ಸಾಗಿಸುವಾಗ ಹೊಮ್ಮುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಅಲೆಗಳ ವಲಯಕ್ಕೆ ಬೀಳುತ್ತದೆ, ವೈರ್‌ಲೆಸ್ ಮೌಸ್ ನಡೆಯುವುದೂ ಅಲ್ಲೇ. 2012ರಲ್ಲಿ ಇಂಟೆಲ್ ಇದನ್ನು ಅಳೆದು ವರದಿಯನ್ನೇ ಪ್ರಕಟಿಸಿತು. ಮೌಸಿನ ರಿಸೀವರನ್ನು ಡಿಸ್ಕಿನಿಂದ ದೂರದ ಪೋರ್ಟಿಗೆ ಹಾಕಿ, ಅಥವಾ ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮೌಸಿನ ಹತ್ತಿರಕ್ಕೆ ತನ್ನಿ.

ಪ್ರಿಂಟರ್ ಪೋರ್ಟ್ ಬದಲಿಸಿದ ಮೇಲೆ 'ಆಫ್‌ಲೈನ್' ಎನ್ನುತ್ತದೆ.

ಇದು ಡಿಟಿಪಿ ಅಂಗಡಿಗಳಲ್ಲಿ, ಶಾಲೆಯ ಕಚೇರಿಗಳಲ್ಲಿ ದಿನವೂ ನಡೆಯುವ ಕಥೆ. ಕಸ ಗುಡಿಸುವಾಗ ಯಾರೋ ಕೇಬಲ್ ಕಳಚಿ ಬೇರೆ ಪೋರ್ಟಿಗೆ ಹಾಕಿರುತ್ತಾರೆ, ಅಷ್ಟೇ. ತನ್ನದೇ ಕ್ರಮಸಂಖ್ಯೆಯನ್ನು ಹೇಳಿಕೊಳ್ಳದ ಸಾಧನವನ್ನು ವಿಂಡೋಸ್ ಅದು ಕೂತ ಪೋರ್ಟಿನಿಂದ ಗುರುತಿಸುತ್ತದೆ. ಪೋರ್ಟ್ ಬದಲಾದರೆ ಅದೇ ಪ್ರಿಂಟರನ್ನು ಹೊಸದೆಂದು ತಿಳಿದು 'ಕಾಪಿ 1' ಎಂಬ ಹೆಸರಿನಲ್ಲಿ ಇನ್ನೊಂದನ್ನು ಸೃಷ್ಟಿಸುತ್ತದೆ. ನಿಮ್ಮ ಮುದ್ರಣದ ಆದೇಶಗಳು ಮಾತ್ರ ಹಳೆಯ ಹೆಸರಿಗೇ ಹೋಗಿ ಸಾಲುಗಟ್ಟಿ ನಿಲ್ಲುತ್ತವೆ. ಕೇಬಲನ್ನು ಹಳೆಯ ಪೋರ್ಟಿಗೆ ಮರಳಿ ಹಾಕಿದರೆ ಮುಗಿಯಿತು. ಅದು ಯಾವುದೆಂದು ನೆನಪಿಲ್ಲದಿದ್ದರೆ 'ಪ್ರಿಂಟರ್ ಪ್ರಾಪರ್ಟೀಸ್'ನ 'ಪೋರ್ಟ್ಸ್' ಪಟ್ಟಿಯಲ್ಲಿ ಯುಎಸ್‌ಬಿ001 ಬದಲು ಯುಎಸ್‌ಬಿ002 ಆರಿಸಿ ನೋಡಿ. ಪೋರ್ಟಿನ ಪಕ್ಕ ಪೆನ್ನಿನಿಂದ 'ಪ್ರಿಂಟರ್' ಎಂದು ಬರೆದಿಟ್ಟರೆ ಮುಂದೆ ಈ ತಾಪತ್ರಯವಿರುವುದಿಲ್ಲ.

ಡಿಎಸ್‌ಸಿ (ಡಿಜಿಟಲ್ ಸಹಿಯ) ಟೋಕನ್, ಆಧಾರ್ ಬೆರಳಚ್ಚು ಯಂತ್ರ ಕೆಲಸ ಮಾಡುತ್ತಿಲ್ಲ. ಪೆನ್‌ಡ್ರೈವ್ ಸರಿಯಾಗಿದೆ.

ಪೆನ್‌ಡ್ರೈವಿಗೆ ಬೇಕಾದ ಡ್ರೈವರ್ ವಿಂಡೋಸಿನಲ್ಲೇ ಇರುತ್ತದೆ. ಇವುಗಳಿಗೆ ತಯಾರಕರ ಡ್ರೈವರ್ ಬೇಕು, ಅದರ ಮೇಲೆ ಇನ್ನೊಂದು ಪದರವೂ ಬೇಕು. ಡಿಜಿಟಲ್ ಸಹಿಯ ಟೋಕನ್ ಕಡತಗಳಿರುವ ಡ್ರೈವಿನಂತೆ ಕಾಣಿಸಬೇಕಾದ್ದೇ ಇಲ್ಲ. ಕೆಲವು ಟೋಕನ್‌ಗಳು ಸಿಡಿ ಡ್ರೈವಿನ ರೂಪದಲ್ಲಿ ಕಂಡು ತಮ್ಮ ಇನ್‌ಸ್ಟಾಲರನ್ನು ತೋರಿಸುತ್ತವೆ. ಅದನ್ನು ಹಾಕಿ, ಟೋಕನ್ ಮ್ಯಾನೇಜರ್ ತೆರೆದು, ಅಲ್ಲಿ ನಿಮ್ಮ ಪ್ರಮಾಣಪತ್ರ ಕಾಣುತ್ತದೆಯೇ ನೋಡಿ. ಕಂಡರೆ ಯುಎಸ್‌ಬಿ ಸರಿಯಿದೆ. ಕೆಪಿಪಿಪಿ ಟೆಂಡರ್ ತಾಣವಿರಲಿ, ಜಿಎಸ್‌ಟಿ ತಾಣವಿರಲಿ, ಇನ್ನು ನೋಡಬೇಕಾದದ್ದು ಆ ತಾಣ ಕೇಳುವ ಸಹಿ ತಂತ್ರಾಂಶ ಹಿನ್ನೆಲೆಯಲ್ಲಿ ಓಡುತ್ತಿದೆಯೇ ಎಂಬುದನ್ನು.

ಇಲ್ಲಿ ಒಂದು ಎಚ್ಚರಿಕೆ: ಟೋಕನ್ ಮ್ಯಾನೇಜರಿನಲ್ಲಿರುವ 'ಇನಿಷಿಯಲೈಸ್' ಒತ್ತಿದರೆ ಒಳಗಿನ ಪ್ರಮಾಣಪತ್ರ ಅಳಿಸಿಹೋಗುತ್ತದೆ, ಹೊಸದನ್ನೇ ಪಡೆಯಬೇಕಾಗುತ್ತದೆ. ಟೆಂಡರಿನ ಕೊನೆಯ ದಿನ ಗಡಿಬಿಡಿಯಲ್ಲಿ ಇದನ್ನು ಒತ್ತಿದವರ ಪಾಡು ಯಾರಿಗೂ ಬೇಡ. ಪಾಸ್‌ವರ್ಡನ್ನು ಊಹಿಸಿ ಮತ್ತೆ ಮತ್ತೆ ಹಾಕುವುದೂ ಬೇಡ, ಟೋಕನ್ ಬೀಗ ಹಾಕಿಕೊಳ್ಳುತ್ತದೆ.

ಆಧಾರ್ ಬೆರಳಚ್ಚು ಯಂತ್ರಕ್ಕೆ ಡ್ರೈವರ್ ಜೊತೆಗೆ, ಯಂತ್ರವನ್ನು ಆಧಾರ್ ವ್ಯವಸ್ಥೆಗೆ ಪರಿಚಯಿಸುವ 'ಆರ್‌ಡಿ ಸರ್ವಿಸ್' ಓಡುತ್ತಿರಬೇಕು, ಅದಕ್ಕೆ ಇಂಟರ್‌ನೆಟ್ ಸಂಪರ್ಕವೂ ಇರಬೇಕು. ಡಿವೈಸ್ ಮ್ಯಾನೇಜರಿನಲ್ಲಿ ಯಂತ್ರ ಸರಿಯಾಗಿ ಕಂಡೂ 'ಡಿವೈಸ್ ನಾಟ್ ರೆಡಿ' ಎನ್ನುತ್ತಿದ್ದರೆ ಕೇಬಲ್ ಬದಲಿಸಿ ಪ್ರಯೋಜನವಿಲ್ಲ, ಆ ಸೇವೆಯನ್ನು ಮತ್ತೆ ಶುರು ಮಾಡಿ.

ಆರ್ಡುಯಿನೊ ಬೋರ್ಡ್ ಅಥವಾ ಯುಎಸ್‌ಬಿ-ಸೀರಿಯಲ್ ಕೇಬಲ್ ಗುರುತಿಗೆ ಬರುತ್ತಿಲ್ಲ.

ಎಲೆಕ್ಟ್ರಾನಿಕ್ಸ್ ಕಲಿಯುವವರು ಬಳಸುವ ಈ ಆರ್ಡುಯಿನೊ ಬೋರ್ಡಿನ ಅಗ್ಗದ ಮಾದರಿಗಳಲ್ಲಿ ಹೆಚ್ಚಾಗಿ ಸಿಎಚ್340 ಎಂಬ ಚಿಪ್ ಇರುತ್ತದೆ. ಅದರ ಡ್ರೈವರ್ ಹಾಕಿದರೆ 'ಪೋರ್ಟ್ಸ್' ವಿಭಾಗದಲ್ಲಿ ಕಾಮ್ ಸಂಖ್ಯೆಯೊಂದಿಗೆ ಕಾಣುತ್ತದೆ. ಸೀರಿಯಲ್ ಕೇಬಲ್ಲುಗಳಲ್ಲಿ ನಕಲಿ ಚಿಪ್ಪುಗಳ ಕಾಟ ಬಹಳ. 2014ರಲ್ಲಿ ಎಫ್‌ಟಿಡಿಐ ಕಂಪನಿಯ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂದು, ತನ್ನ ಚಿಪ್ಪಿನ ನಕಲುಗಳಲ್ಲಿನ ಉತ್ಪನ್ನ ಸಂಖ್ಯೆಯನ್ನೇ ಸೊನ್ನೆಗೆ ಬದಲಿಸಿತು. ಅಂಥ ಸಾಧನಗಳು ಬೇರೆ ಕಂಪ್ಯೂಟರುಗಳಿಗೂ ಅಪರಿಚಿತವಾದವು. ಗಲಾಟೆಯಾದ ಮೇಲೆ ಆ ಡ್ರೈವರನ್ನು ಹಿಂತೆಗೆದುಕೊಂಡರು. ನಕಲಿ ಮಾಡಿದವರಿಗಿಂತ ಅದನ್ನು ತಿಳಿಯದೆ ಕೊಂಡವರಿಗೆ ಬಿದ್ದ ಪೆಟ್ಟು ಅದು, ನ್ಯಾಯವೆಂದು ನನಗೆ ಅನಿಸುವುದಿಲ್ಲ.

ಟೈಪ್-ಸಿ ಸಾಧನ ಒಂದು ಕೇಬಲ್ಲಿಗೆ ನಡೆಯುತ್ತದೆ, ಇನ್ನೊಂದಕ್ಕೆ ಇಲ್ಲ. ಏಕೆ?

ಟೈಪ್-ಸಿ ಪೋರ್ಟ್ ಸಾಮಾನ್ಯ ಪೋರ್ಟಿನ ಹಾಗೆ ಸದಾ 5 ವೋಲ್ಟ್ ಕೊಡುತ್ತಿರುವುದಿಲ್ಲ. ಎದುರಿಗಿರುವ ಸಾಧನದಲ್ಲಿ 5.1 ಕಿಲೋ ಓಮ್ ರೋಧಕ ಕಂಡ ಮೇಲೆಯೇ ವಿದ್ಯುತ್ ಬಿಡುತ್ತದೆ. ಕೆಲವು ಅಗ್ಗದ ಸಾಧನಗಳಲ್ಲಿ ಆ ಸಣ್ಣ ರೋಧಕಗಳನ್ನೇ ಹಾಕಿರುವುದಿಲ್ಲ. ಅಂಥವು ಹಳೆಯ ಚಪ್ಪಟೆ ಪ್ಲಗ್ಗಿನ ಕೇಬಲ್ಲಿಗೆ ಬದುಕುತ್ತವೆ, ಎರಡೂ ತುದಿಯಲ್ಲಿ ಟೈಪ್-ಸಿ ಇರುವ ಕೇಬಲ್ಲಿಗೆ ಸತ್ತಂತಿರುತ್ತವೆ. ಹೆಸರಾಂತ ಉತ್ಪನ್ನಗಳೂ ಇಲ್ಲಿ ಎಡವಿವೆ: 2019ರಲ್ಲಿ ಬಂದ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4ರ ಮೊದಲ ಬೋರ್ಡುಗಳಲ್ಲಿ ಈ ರೋಧಕದ ಜೋಡಣೆ ತಪ್ಪಿದ್ದರಿಂದ ಕೆಲವು ದುಬಾರಿ ಕೇಬಲ್ಲುಗಳಲ್ಲಿ ವಿದ್ಯುತ್ ಬರುತ್ತಿರಲಿಲ್ಲ.

ಪ್ಲಗ್ಗನ್ನು ತಿರುಗಿಸಿಯೂ ಹಾಕಿ ನೋಡಿ. ಒಂದು ಬದಿಯಲ್ಲಿ ಮಾತ್ರ ನಡೆದರೆ ಇನ್ನೊಂದು ಬದಿಯ ಪಿನ್ನುಗಳು ಹಾಳಾಗಿವೆ ಅಥವಾ ಅಲ್ಲಿ ಬಟ್ಟೆಯ ಜುಂಗು ಸೇರಿದೆ.

ನೀಲಿ ಬಣ್ಣದ 3.0 ಪೋರ್ಟಿಗೆ ಹಾಕಿದರೂ ಪೆನ್‌ಡ್ರೈವ್ ನಿಧಾನ.

ಕಳಚಿ, ಒಮ್ಮೆಲೇ ಪೂರ್ತಿ ಒಳಕ್ಕೆ ಸಿಕ್ಕಿಸಿ. 3.0 ಪ್ಲಗ್ಗಿನಲ್ಲಿ ಹಳೆಯ ನಾಲ್ಕು ಸಂಪರ್ಕಗಳು ಮೊದಲು ತಗಲುತ್ತವೆ, ಹೊಸ ಐದು ಇನ್ನೂ ಒಳಗಿವೆ. ಮೆಲ್ಲಗೆ ತಳ್ಳಿದರೆ ನಾಲ್ಕು ಮಾತ್ರ ತಗಲಿರುವಾಗಲೇ ಕಂಪ್ಯೂಟರ್ ಅದನ್ನು 2.0 ಎಂದು ನೋಂದಾಯಿಸಿಕೊಳ್ಳುತ್ತದೆ. ಸೆಕೆಂಡಿಗೆ 5 ಗಿಗಾಬಿಟ್ ಸಾಗಬೇಕಾದದ್ದು 480 ಮೆಗಾಬಿಟ್ಟಿಗೆ ಇಳಿಯುತ್ತದೆ.

ಹಳೆಯ ವಿಂಡೋಸ್ 7 ಹಾಕುವಾಗ ಕೀಬೋರ್ಡ್, ಮೌಸ್ ಎರಡೂ ನಿಂತುಹೋಗುತ್ತವೆ.

ವಿಂಡೋಸ್ 7ರಲ್ಲಿ ಯುಎಸ್‌ಬಿ 3.0 ಡ್ರೈವರ್ ಇಲ್ಲ. 2015ರಿಂದೀಚಿನ ಹಲವು ಇಂಟೆಲ್ ಬೋರ್ಡುಗಳಲ್ಲಿ ಹಳೆಯ 2.0 ನಿಯಂತ್ರಕವನ್ನೇ ಕೈಬಿಟ್ಟಿದ್ದಾರೆ. ಡ್ರೈವರ್ ಸೇರಿಸಿದ ಇನ್‌ಸ್ಟಾಲರ್ ತಯಾರಿಸಬೇಕು, ಅಥವಾ ಬೋರ್ಡಿನಲ್ಲಿ ದುಂಡನೆಯ ಪಿಎಸ್/2 ಸಾಕೆಟ್ ಇದ್ದರೆ ಅಂಥ ಕೀಬೋರ್ಡ್ ಬಳಸಬೇಕು.

ಮ್ಯಾಕ್ ಮತ್ತು ಲಿನಕ್ಸಿನಲ್ಲಿ ಎಲ್ಲಿ ನೋಡಬೇಕು?

ಮ್ಯಾಕ್‌ನಲ್ಲಿ 'ಸಿಸ್ಟಮ್ ಇನ್ಫರ್ಮೇಷನ್' ತೆರೆದು ಯುಎಸ್‌ಬಿ ಸಾಲನ್ನು ನೋಡಿ. ಅಲ್ಲಿ ಹೆಸರಿದ್ದರೆ ಸಾಧನ ಉತ್ತರ ಕೊಟ್ಟಿದೆ. ಆಪಲ್ ಸಿಲಿಕಾನ್ (ಆಪಲ್ ಕಂಪನಿಯದೇ ಚಿಪ್ ಇರುವ) ಲ್ಯಾಪ್‌ಟಾಪುಗಳು 2022ರ ವೆಂಚುರಾ ಆವೃತ್ತಿಯಿಂದ ಹೊಸ ಸಾಧನಕ್ಕೆ ಅನುಮತಿ ಕೇಳುತ್ತವೆ. ಆ ಪೆಟ್ಟಿಗೆಯನ್ನು ಗಮನಿಸದೆ ಮುಚ್ಚಿದರೆ ಸಾಧನ ಚಾರ್ಜ್ ಆಗುತ್ತದೆ, ಬೇರೇನೂ ಆಗುವುದಿಲ್ಲ. ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಅದಕ್ಕೆ ಬರೆಯುವುದಿಲ್ಲ. ಎರಡೂ ಕಡೆ ಬಳಸುವ ಡಿಸ್ಕಿಗೆ ಎಕ್ಸ್‌ಫ್ಯಾಟ್ ಎಂಬ ಕಡತ ವ್ಯವಸ್ಥೆ ಒಳ್ಳೆಯದು. ಲಿನಕ್ಸಿನಲ್ಲಿ ಕರ್ನೆಲ್ಲಿನ ದಾಖಲೆ ಹಂತ ಹಂತವಾಗಿ ಎಲ್ಲವನ್ನೂ ಹೇಳುತ್ತದೆ. ಅಲ್ಲಿ ಡಿಸ್ಕ್ರಿಪ್ಟರ್ ಓದುವಾಗ ದೋಷ 71 ಅಥವಾ 110 ಬಂದರೆ ಕೇಬಲ್ ಮತ್ತು ವಿದ್ಯುತ್ತನ್ನು ಅನುಮಾನಿಸಿ.

ಕಚೇರಿಯ ಕಂಪ್ಯೂಟರಿನಲ್ಲಿ ಮೌಸ್ ನಡೆಯುತ್ತದೆ, ಪೆನ್‌ಡ್ರೈವ್ ಮಾತ್ರ ಇಲ್ಲ.

ಬ್ಯಾಂಕು, ಐಟಿ ಕಂಪನಿ, ಸರಕಾರಿ ಕಚೇರಿಗಳಲ್ಲಿ ಸಂಗ್ರಹ ಸಾಧನಗಳನ್ನು ಬೇಕೆಂದೇ ತಡೆದಿರುತ್ತಾರೆ. ಅದನ್ನು ಮೀರುವ ಉಪಾಯ ಹುಡುಕದೆ ಕಂಪ್ಯೂಟರ್ ವಿಭಾಗದವರನ್ನು ಕೇಳಿ. ದಾರಿಯಲ್ಲಿ ಸಿಕ್ಕ ಪೆನ್‌ಡ್ರೈವನ್ನು ಯಾರದೆಂದು ನೋಡಲು ಯಾವ ಕಂಪ್ಯೂಟರಿಗೂ ಹಾಕಬೇಡಿ.

500 ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಕೊಂಡೆ. ಹಾಕಿದ ವಿಡಿಯೊಗಳು ತೆರೆಯುತ್ತಿಲ್ಲ.

ಅದು ನಕಲಿ. ಒಳಗಿನ ಚಿಪ್ಪಿಗೆ ಸುಳ್ಳು ಗಾತ್ರ ಹೇಳುವಂತೆ ಕಲಿಸಿರುತ್ತಾರೆ. ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದೆಲ್ಲ ಕಳೆದುಹೋಗುತ್ತದೆ. 'ಎಚ್2ಟೆಸ್ಟ್‌ಡಬ್ಲ್ಯು' ಎಂಬ ಉಚಿತ ತಂತ್ರಾಂಶ ಪೂರ್ತಿ ಬರೆದು, ಪೂರ್ತಿ ಓದಿ ನಿಜ ಹೇಳುತ್ತದೆ. ಕೊಂಡ ದಿನವೇ ಓಡಿಸಿ, ಸುಳ್ಳೆಂದು ಕಂಡರೆ ಮರಳಿಸಿ.

ಎಲ್ಲವನ್ನೂ ಮಾಡಿ ನೋಡಿದೆ. ಮಾಹಿತಿ ಬೇಕೇ ಬೇಕು. ಯಾರ ಬಳಿ ಹೋಗಲಿ?

ಪೆನ್‌ಡ್ರೈವಿನ ಪ್ಲಗ್ ಬಾಗಿದ್ದರೆ ಅಥವಾ ಬೆಸುಗೆ ಬಿಟ್ಟಿದ್ದರೆ ಮೊಬೈಲ್ ರಿಪೇರಿ ಮಾಡುವ ಕೈಚಳಕದವರೇ ನಾಲ್ಕು ತಂತಿ ಬೆಸೆದು ಒಂದು ಸಲ ಓದುವಂತೆ ಮಾಡಬಲ್ಲರು. ಹಾರ್ಡ್ ಡಿಸ್ಕ್ ಸದ್ದು ಮಾಡುತ್ತಿದ್ದರೆ ಅವರ ಬಳಿ ತೆರೆಸಬೇಡಿ. ಧೂಳಿಲ್ಲದ ಕೋಣೆಯಿರುವ ಮಾಹಿತಿ ಮರುಪಡೆಯುವ ಸಂಸ್ಥೆಗೇ ಕೊಡಿ. ಕೊಡುವ ಮೊದಲು ಮೂರು ವಿಷಯ ಕೇಳಿ: ಪರಿಶೀಲನೆಗೆ ಎಷ್ಟು ಶುಲ್ಕ, ಮಾಹಿತಿ ಸಿಗದಿದ್ದರೆ ಹಣ ಕೊಡಬೇಕೇ, ಸಿಕ್ಕ ಕಡತಗಳ ಪಟ್ಟಿಯನ್ನು ಹಣ ಕಟ್ಟುವ ಮೊದಲೇ ತೋರಿಸುತ್ತಾರೆಯೇ. ಡಿಸ್ಕಿನ ಕ್ರಮಸಂಖ್ಯೆಯನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಇದುವರೆಗೆ ಏನೇನು ಪ್ರಯತ್ನಿಸಿದಿರಿ, ಎಷ್ಟು ಹೊತ್ತು ಆನ್ ಇಟ್ಟಿದ್ದಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ಯಾವ ಕಡೆಯಿಂದ ಕೆಲಸ ಶುರು ಮಾಡಬೇಕೆಂದು ಅವರು ತೀರ್ಮಾನಿಸುವುದು ಅದರ ಮೇಲೆಯೇ.